ನಾಲ್ಕನೇ ಸೀಲು

ಇಟ್ಟಿಗೆ ಇಳಿಸಿ ಖಾಲಿ ಬಂದಿದೆ ಲಾರಿ.
ಮಾಲೂರಿನ ನನ್ನ ಶೆಡ್ಡಿನ ಮುಂದೆ ನಿಂತ ಐದೇ ನಿಮಿಷಕ್ಕೆ
ನೆಲದ ಮೇಲೆ ಅದರ ಸಹಿ:
ಮೊದಲು ನಾಣ್ಯದಗಲ ಕಪ್ಪು,
ಆಮೇಲೆ ತಟ್ಟೆಯಗಲ.

ಪಿಳ್ಳಾಂಜಿನಪ್ಪ ಇಳಿಯಲಿಲ್ಲ.
ಸೀಟಿನಲ್ಲೇ ಕೂತು ಕೇಳಿದ:
"ಏನಯ್ಯಾ ಜಬೀ, ಸೀಲು ಹಾಕಿದೆಯೋ,
ಸ್ಟಾಂಪು ಅಂಟಿಸಿದೆಯೋ?"

ಮೂರು ಸಲ ಹಾಕಿದ್ದೇನೆ ನಾನು.
ಯುಗಾದಿಗೆ ಮುಂಚೆ ಒಂದು.
ರೋಜಾದ ತಿಂಗಳಲ್ಲಿ, ಬಾಯಿ ಒಣಗಿದ್ದಾಗ, ಒಂದು.
ಮೂರನೆಯದನ್ನು ಕಂಪನಿ ಮಾಲೇ ಬೇಕೆಂದು
ಕೋಲಾರದ ಅಂಗಡಿಯಿಂದ ಬಸ್ಸಿನಲ್ಲಿ
ಮಡಿಲಲ್ಲಿಟ್ಟು ತಂದೆ, ಒಬ್ಬಟ್ಟಿನ ಹಾಗೆ.
ಮೂರೂ ಅತ್ತವು.

ಗೇರಿನದು ಇನ್ನೊಂದು ಕತೆ.
ಮೂರನೆಯದು ನಿಲ್ಲುವುದಿಲ್ಲ.
ಏರಿನಲ್ಲಿ ಕಾಲು ಸಡಿಲಿಸಿದರೆ ಸಾಕು,
ಟಕ್ಕೆಂದು ನ್ಯೂಟ್ರಲ್ಲಿಗೆ ಜಾರುತ್ತದೆ,
ಇಂಜಿನ್ನು ತನ್ನಷ್ಟಕ್ಕೆ ಕೂಗಿಕೊಳ್ಳುತ್ತದೆ.
ಅದಕ್ಕೆ ಇವನು ಸೈಕಲ್ ಟ್ಯೂಬು ಸೀಳಿ
ಗೇರು ರಾಡನ್ನು ಮುಂದಿನ ಕೊಕ್ಕೆಗೆ ಕಟ್ಟುತ್ತಾನೆ,
ಕಳ್ಳ ಎಮ್ಮೆಯನ್ನು ಗೂಟಕ್ಕೆ ಕಟ್ಟುವಂತೆ.
ಎಡಗೈಯಲ್ಲೇ ಕಟ್ಟುವುದು, ಎಡಗೈಯಲ್ಲೇ ಬಿಚ್ಚುವುದು;
ಮಗಳ ಜಡೆಗಿಂತ ಚೆನ್ನಾಗಿ ಬರುತ್ತದಂತೆ.

"ಇವತ್ತು ಪೂರ್ತಿ ಇಳಿಸೋಣ" ಅಂದೆ.

ಎಣ್ಣೆ ಬಿಟ್ಟೆವು ಬಾಣಲೆಗೆ.
ಕೊಳೆತ ಬೆಳ್ಳುಳ್ಳಿಯ ವಾಸನೆ.
ಪ್ಲಗ್ಗಿನ ಆಯಸ್ಕಾಂತಕ್ಕೆ ಉಕ್ಕಿನ ಪುಡಿ, ಮೀಸೆಯಂತೆ.
ಅದಕ್ಕೆ ಅಂಟದೆ ಎಣ್ಣೆಯಲ್ಲೇ ಮಿನುಗಿದ್ದು ಹಿತ್ತಾಳೆ,
ಸವೆದ ಸಿಂಕ್ರೊ ರಿಂಗು.
"ನಮ್ಮ ಜಿಲ್ಲೇಲಿ ಚಿನ್ನ ಮುಗೀತು ಅಂದೋರು ಯಾರು?"
ಅಷ್ಟರಲ್ಲಿ ಇಳಿದಿದ್ದ ಪಿಳ್ಳಾಂಜಿನಪ್ಪ.
ನಕ್ಕವನೂ ಅವನೊಬ್ಬನೇ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಕೈಹಾಕಿದರೆ
ಗುಂಡು ಇದೆ.
ಗುಂಡಿನ ಬೆನ್ನಿಗೆ ನಿಲ್ಲಬೇಕಾದ ಸ್ಪ್ರಿಂಗು
ಎರಡು ತುಂಡಾಗಿ ಮಲಗಿದೆ.
ಫೋರ್ಕಿನ ತುದಿ ಒಂದು ಕಡೆ ನುಣ್ಣಗೆ,
ಚೌಕಾಬಾರಕ್ಕೆಂದು ಕಲ್ಲಿಗೆ ಉಜ್ಜಿದ ಹುಣಸೇಬೀಜ.
ಒಂದು ಲೋಡು ಇಟ್ಟಿಗೆಯನ್ನು ಇಷ್ಟು ವರ್ಷ ಏರಿನಲ್ಲಿ
ಗೇರಿನಿಂದ ಜಾರದಂತೆ ಹಿಡಿದದ್ದು
ಕಿರುಬೆರಳಿನ ಗೆಣ್ಣಿನಷ್ಟು ತಂತಿಸುರುಳಿ.
ಅದು ಹೋದ ಮೇಲೆ ಸೈಕಲ್ ಟ್ಯೂಬು.

ಇಷ್ಟೆಲ್ಲ ಸುಲಭ. ಸೋರುವುದು?
ಹಳೆ ಸೀಲಿನ ತುಟಿಗೆ ಬೆರಳಿಟ್ಟೆ. ಗಾಯವಿಲ್ಲ.
ಶಾಫ್ಟಿನ ಮೇಲೆ ಉಗುರೆಳೆದೆ. ಗೀರಿಲ್ಲ.
ನಾಲ್ಕನೆಯದನ್ನು ಕೈಯಲ್ಲಿ ಹಿಡಿದು
ಹಾಕಲಾರದೆ ಕೂತೆ.

ಮುಚ್ಚಳ ಒರೆಸುತ್ತಿದ್ದ ಕ್ಲೀನರ್ ಸೊಣ್ಣ
"ಅಣ್ಣಾ, ಈ ತೂತು ಯಾಕೆ ಮುಚ್ಚಿದ್ದೀರಿ?" ಅಂದ.

ಪೆಟ್ಟಿಗೆ ಉಸಿರಾಡುವ ತೂತು ಅದು.
ತಂತಿ ಹಾಕಿದೆ. ಬಗ್ಗಿತು ತಂತಿ.
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ
ಕೆಂಪಗೆ, ಹದವಾಗಿ ಕಲಸಿದ ಮಣ್ಣು ಉದುರಿತು;
ಅದರ ಹಿಂದೆ ಒಣಗಿದ ನಾಲ್ಕು ಹಸಿರು ಹುಳು;
ಅವುಗಳ ಹಿಂದೆ
ರೆಕ್ಕೆ ಬಿಚ್ಚದ ಇನ್ನೊಂದು.

ಕುಂಬಾರ ಹುಳ.
ಪರ್ಮಿಟ್ಟಿಲ್ಲದೆ ಮಾಗಿಯಲ್ಲಿ ಲಾರಿ
ಇಟ್ಟಿಗೆ ಗೂಡಿನ ಪಕ್ಕ ಎರಡು ತಿಂಗಳು ನಿಂತಿತ್ತಲ್ಲ,
ಆಗ ಬಂದಿದೆ ತಾಯಿ,
ಅದೇ ಗುಂಡಿಯ ಜೇಡಿ ಹೊತ್ತು, ಒಂದೊಂದೇ ಉಂಡೆ,
ತನ್ನ ಗೂಡು ಕಟ್ಟಲು.
ಲಾರಿ ಹೊರಟ ದಿನ ಪೆಟ್ಟಿಗೆಯ ಕಾವಿಗೆ
ಅದೂ ಬೆಂದು ಇಟ್ಟಿಗೆಯಾಯಿತು.

ಕಾದ ಗಾಳಿ ಒಳಗೇ ಹಿಗ್ಗಿ
ಬಿಡಲು ಮೂಗಿಲ್ಲದೆ
ಸೀಲಿನ ತುಟಿ ಸರಿಸಿ ಎಣ್ಣೆ ತಳ್ಳುತ್ತಿತ್ತು.
ನಾನು ಮೂರು ಸಲ ಬಾಯಿ ಹೊಲಿದಿದ್ದೆ.

ಸೊಣ್ಣ ಆ ಹುಳವನ್ನು ಬೆಂಕಿಪೊಟ್ಟಣಕ್ಕೆ ಹಾಕಿಕೊಂಡ.
ಯಾಕೆಂದು ಕೇಳಲಿಲ್ಲ.

ಬಿಲ್ಲಿನಲ್ಲಿ ಸ್ಪ್ರಿಂಗು ಬರೆದೆ, ಫೋರ್ಕು ಬರೆದೆ,
ರಿಂಗು, ಎಣ್ಣೆ, ಕೂಲಿ.
ಮಣ್ಣು ತೆಗೆದದ್ದಕ್ಕೆ ಏನು ಬರೆಯುವುದು?
ಮೂರು ಸೀಲಿನ ದುಡ್ಡು ಕಳೆದೆ.
ನಾಲ್ಕನೆಯದು ಈಗಲೂ ಗೂಡಂಗಡಿ ಕವರಿನಲ್ಲಿ
ಮೊಳೆಗೆ ನೇತಾಡುತ್ತಿದೆ.

ಟೇಕಲ್ ಕಡೆಯ ಏರಿಗೆ ಟ್ರಯಲ್ ಹೋದೆವು.
ಮೂರನೆಯದು ಬಿತ್ತು, ಕೂತಿತು,
ಕಾಲು ತೆಗೆದರೂ ಕೂತೇ ಇತ್ತು.
ಪಿಳ್ಳಾಂಜಿನಪ್ಪ ಮಾತಾಡಲಿಲ್ಲ.
ಅವನ ಎಡಗೈ ಮಾತ್ರ ಎರಡು ಸಲ
ಖಾಲಿ ಕೊಕ್ಕೆಯ ತನಕ ಹೋಗಿ ಬಂತು.