ಬೆಂಕಿಕಡ್ಡಿ ಆರುವುದರೊಳಗೆ

ಓಕ್ಲಹೋಮಾದ ಈ ಅಡುಗೆಮನೆಯಲ್ಲಿ ನನಗಿದು ಇಪ್ಪತ್ತಾರನೇ ವರ್ಷ.
ನೆಲಮಾಳಿಗೆಯ ಬಿಸಿಗಾಳಿಯ ಕೊಳವೆ
ನನ್ನ ಒಲೆಯ ಹಿಂದೆಯೇ ಬಾಯಿ ತೆರೆಯುತ್ತದೆ;
ಬಂಧುಕೂಟದ ಹುಡುಗರು ಕೆಳಗೆ ಪಿಸುಗುಟ್ಟಿದ ಗುಟ್ಟೆಲ್ಲ
ಹುರಿಯುವ ಈರುಳ್ಳಿಯ ಮೇಲೆ ಬಂದು ಕೂರುತ್ತದೆ.
ಯಾರೂ ನನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಗಸ್ಟ್ ಕೊನೆಗೆ ಬರುತ್ತಾರೆ ಹೊಸಬರು,
ಕತ್ತಿನ ಹಿಂದೆ ಹೊಸ ಕ್ಷೌರದ ಬಿಳಿಗೆರೆ,
ಕೋಟಿನ ತೋಳು ಅಪ್ಪನ ಅಳತೆಯದು.
ಎಂಟು ವಾರ. ಸ್ಥಾಪಕರು ಏಳು ಜನ,
ಅವರು ಹುಟ್ಟಿದ ಊರು, ಸತ್ತ ಇಸವಿ,
ಮೆಟ್ಟಿಲ ಗೋಡೆಯ ಫೋಟೋದಲ್ಲಿ
ಎಡದಿಂದ ಬಲಕ್ಕೆ ಅರವತ್ತೆರಡು ಮುಖ.
ಹೊತ್ತು ಮೂಡುವ ಮುಂಚೆ ಅಂಗಳದ ಎಲೆ ಗುಡಿಸಬೇಕು.
ಮುಂಬಾಗಿಲು ಇನ್ನೂ ಅವರದಲ್ಲ,
ನನ್ನ ಹಿತ್ತಿಲ ಬಾಗಿಲಿಂದಲೇ ಒಳಗೆ ಬರಬೇಕು;
ಹಾಗಾಗಿ ಎಂಟು ವಾರ ಅವರು ನನ್ನ ಕಡೆಯವರು.

ಆಮೇಲೆ ಗ್ರೀಕ್ ಅಕ್ಷರ. ಒಂದು ಬೆಂಕಿಕಡ್ಡಿ ಗೀರಿ
ಉರಿ ಬೆರಳು ಮುಟ್ಟುವುದರೊಳಗೆ
ಇಪ್ಪತ್ತನಾಲ್ಕನ್ನೂ ಮುಗಿಸಬೇಕು, ಮೂರು ಸಲ.

ಈ ವರ್ಷ ಗೈಮನ್ ಕಡೆಯ ಹುಡುಗ, ಟೋಬಿನ್ ಶ್ರೇಡರ್.
ಥೀಟಾ ಬಂತೆಂದರೆ ನಾಲಿಗೆ
ಹಳ್ಳ ಕಂಡ ಕುದುರೆಯ ಹಾಗೆ ನಿಂತುಬಿಡುವುದು.
ಹೆಬ್ಬೆರಳ ತುದಿ ಸುಟ್ಟು ಬೊಬ್ಬೆ.
ತಣ್ಣೀರಿನ ಕೆಳಗೆ ಹಿಡಿದೆ,
ಆಲೂಗಡ್ಡೆಯ ಬುಟ್ಟಿ ಅವನ ಮುಂದೆ ತಳ್ಳಿದೆ:
"ಬಾಯಿಯ ಚಿಂತೆ ಬಿಡು, ಕೈ ಆಡಿಸು.
ಒಂದು ಸಿಪ್ಪೆಗೆ ಒಂದು ಅಕ್ಷರ."

ಆಲ್ಫಾ, ಚಾಕು. ಬೀಟಾ, ಚಾಕು.
ಹೈಸ್ಕೂಲು ಮುಗಿಸದ ನಾನು ಅವನಿಗೆ ಗ್ರೀಕ್ ಕಲಿಸಿದೆ,
ಎಷ್ಟೋ ಸರದಿಯ ಹುಡುಗರಿಂದ ಕದ್ದಿಟ್ಟ ಗ್ರೀಕ್.
"ಮಿಸ್ ವರ್ಲೀನ್, ಇದೆಲ್ಲ ನಿಮಗೆ ಹೇಗೆ ಗೊತ್ತು?"
ಥೀಟಾ ದಾಟಿದ್ದು ಅವನಿಗೇ ತಿಳಿದಿರಲಿಲ್ಲ.

ನನ್ನ ಒಂಬತ್ತನೇ ವರ್ಷ, ಒಂದು ರಾತ್ರಿ
ಕೊಳವೆಯಲ್ಲಿ ಅಕ್ಷರ ಬರಲಿಲ್ಲ.
ಬಾಟಲಿಯ ಸದ್ದು, ಎಣಿಕೆ, ನಗು,
ಆಮೇಲೆ ನಗುವೂ ಇಲ್ಲ.
ಇಳಿದು ಹೋಗಿ ದೀಪ ಹಾಕಿದವಳು ನಾನು.
ಹುಡುಗನನ್ನು ಮಗ್ಗುಲಿಗೆ ಹೊರಳಿಸಿ,
ಆಂಬುಲೆನ್ಸಿಗೆ ಫೋನ್ ಮಾಡಿ ನಿಂತಾಗ
ಅಧ್ಯಕ್ಷ ಕೇಳಿದ್ದು ಒಂದೇ:
"ನೀನು ಎಷ್ಟು ಕೇಳಿಸಿಕೊಂಡೆ?"
ಹುಡುಗ ಬದುಕಿದ. ಊರಿಗೆ ಹೋದವನು ಮರಳಲಿಲ್ಲ.
ಈಗ ಗೋಡೆಯಲ್ಲಿ ನಿಯಮದ ಹಾಳೆ, ಕೆಳಗೆ ಎಲ್ಲರ ಸಹಿ.
ಆದರೂ ಕೊಳವೆಯ ಮುಚ್ಚಳ ನಾನು ಹಾಕುವುದಿಲ್ಲ,
ಒಲೆ ಎಷ್ಟೇ ಕಾದಿರಲಿ.

ನವೆಂಬರಿನ ಶನಿವಾರ ಕಿಟಕಿಗೆಲ್ಲ ಕಪ್ಪು ಬಟ್ಟೆ.
ಕೇಕ್ ಮಾಡಿಟ್ಟು ಐದಕ್ಕೆ ಮನೆಗೆ ಹೋಗು ಅಂದರು.
ಐದೂಕಾಲರವರೆಗೆ ಒಂದೇ ಪಾತ್ರೆ ಉಜ್ಜಿದೆ.

ಸೋಮವಾರ ಅವನು ಮುಂಬಾಗಿಲಿಂದ ಬಂದ,
ಎದೆಯ ಮೇಲೆ ಗುಂಡಿಯಷ್ಟು ಚಿನ್ನ.
"ಥ್ಯಾಂಕ್ಯೂ ಮ್ಯಾಮ್" ಅಂದ, ಎಲ್ಲರ ಹಾಗೆ,
ತಟ್ಟೆಯನ್ನು ಆ ಹೆಬ್ಬೆರಳಲ್ಲೇ ಹಿಡಿದು.
ಸರಿ. ಹಾಗೇ ಇರಬೇಕು ಅದು.

ಬುಧವಾರ ರಾತ್ರಿ ಅವರೆಬೀಜ ನೆನೆಹಾಕುತ್ತಿದ್ದೆ.
ಹಿತ್ತಿಲ ಬಾಗಿಲು ತಟ್ಟಿತು:
ಎರಡು, ತಡೆದು ಒಂದು, ಮತ್ತೆ ಎರಡು.
ಹೊರಗಿನವರ ಕಿವಿಗೆ ಬೀಳಬಾರದೆಂದು
ಕೆಳಗೆ ಆಣೆ ಹಾಕಿಸುವ ತಟ್ಟು.

"ಮೊನ್ನೆ ತಾನೇ ಆಣೆ ಮಾಡಿದ್ದೆಯಲ್ಲೋ," ಅಂದೆ.
"ಪೀಚ್ ಪೈ ಮಿಕ್ಕಿದೆಯಾ?" ಅಂದ.
ಕೈ ಒದ್ದೆ. ಮೊಣಕೈಯಲ್ಲೇ ಚಿಲಕ ಸರಿಸಿದೆ.