ಒಂದು ಒಂಬತ್ತು ಎರಡು

ಗೋಪಾಳದ ನಾಲ್ಕನೇ ತಿರುವು, ರಾತ್ರಿ ಒಂಬತ್ತೂವರೆ.
ಅಂಕಪಟ್ಟಿ ಏರಿಸಲು ಬೆಳಿಗ್ಗೆಯೇ ಗಡುವು.
ಮಹಡಿಯಲ್ಲಿ ನರ್ಸಿಂಗ್ ಓದುವ ಮೂವರು,
ನಡುಮನೆಯಲ್ಲಿ ಮೈದುನ ಜಯಶೀಲನ ಕ್ರಿಕೆಟ್ಟು,
ಎಲ್ಲರಿಗೂ ಒಂದೇ ಡಬ್ಬಿ. ಚಪ್ಪಲಿ ಗೂಡಿನ ಮೇಲೆ
ಹಸಿರು ಕಣ್ಣು ಪಟಪಟ ಬಡಿಯುತ್ತ ಕೂತಿದೆ.

ಯಾರು ಎಷ್ಟು ಎಳೆಯುತ್ತಿದ್ದಾರೆ ನೋಡೇಬಿಡೋಣವೆಂದು
ಒಂದು ಒಂಬತ್ತು ಎರಡು ಚುಕ್ಕಿ ಒಂದು ಆರು ಎಂಟು...
ಉಂಗುರ ತಿರುಗಿತು. ತಿರುಗಿತು. ಬಿಳಿ ಹಾಳೆ.
ಡಬ್ಬಿ ಮಗುಚಿ, ಚೀಟಿಯ ಪಾಸ್‌ವರ್ಡು ಓದಿ
ಮತ್ತೆ ಒತ್ತಿದೆ. ಅರ್ಧ ಪುಟ ಬಂತು, ಗುಂಡಿಗಳೇ ಇಲ್ಲದೆ.

ತಪ್ಪು ಅದರದಲ್ಲ.
ಮೂರನೇ ಪಂಕ್ತಿಗೆ ಸಾರು ಹಿಡಿದು ಓಡುವವಳನ್ನು
ಅಡ್ಡಗಟ್ಟಿ, ‘ಇಲ್ಲೀತನಕ ಎಷ್ಟು ಎಲೆ ಆಯ್ತೇ?’
ಅಂದರೆ ಏನು ಹೇಳಿಯಾಳು?

ಹಳದಿ ವೈರು ಹುಡುಕಿ ನೇರ ಚುಚ್ಚಿ ಕಾದೆ.
ಹನ್ನೆರಡಕ್ಕೆ ಕ್ರಿಕೆಟ್ಟು ಸೋತು ಮಲಗಿತು.
ಮಹಡಿಯ ನಗು ಒಂದೊಂದೇ ಆರಿತು.
ಒಂದೂಕಾಲಿಗೆ ಪುಟ ಪೂರಾ ತೆರೆಯಿತು:
ಸಾಲಾಗಿ ಹೆಸರು, ಎದುರಿಗೆ ಸೊನ್ನೆ, ಸೊನ್ನೆ,
ಒಂದು ಮಾತ್ರ ಇನ್ನೂ ಏರುತ್ತಿದೆ.
ಪದ್ಮಲತಾ-೨.

ನನ್ನದೇ. ಅಕ್ಕಿ ಡಬ್ಬದ ಮೇಲೆ ಚಾರ್ಜಿಗಿಟ್ಟ ಹಳೇ ಫೋನು
ಮೂರು ವರ್ಷದ ಫೋಟೊಗಳನ್ನು ಸದ್ದಿಲ್ಲದೆ
ಎಲ್ಲಿಗೋ ಹೊತ್ತು ಹಾಕುತ್ತಿದೆ.

ಬೈಯಲು ಜೋಡಿಸಿಟ್ಟ ಮಾತೆಲ್ಲ ಬಾಯಲ್ಲೇ ಉಳಿದು,
ಎಂಟನೇ ಬಿ, ರೋಲ್ ನಂಬರ್ ಒಂದು.