ಮೊಣಕೈ ಇಲ್ಲದ ನಮಸ್ಕಾರ

ಕಿನ್ನಾಳದಾಗ ಗೊಂಬಿಗೆ ಕಣ್ಣು ಕಡೀಕೆ.
ಪೊಣಕಿ ಮರ ಕೆತ್ತಿ, ಗೋಣಿ ನಾರು ಮೆತ್ತಿ,
ಹುಣಸಿ ಬೀಜದ ಅಂಟು ಕುದಿಸಿ,
ಸೀರಿ ಉಡಿಸಿ, ಮೂಗುತಿ ಇಟ್ಟು,
ಎಲ್ಲಾ ನಾ ಮಾಡತಿದ್ದೆ.
ಕಣ್ಣು ಮಾತ್ರ ಯಮನೂರಣ್ಣಂದು.
ಅಳಿಲಿನ ಕೂದಲದ ಕುಂಚ, ತಡದ ಉಸಿರು,
ಒಂದು ಗೆರಿ.
ಗೆರಿ ಎಳ್ಳಿನಷ್ಟು ಕೆಳಗ ಜಾರಿದ್ರ
ಮದುವಿ ಮುಖ ಸೂತಕದ ಮುಖ ಆಗತೈತಿ.
ಇಪ್ಪತ್ತಾರು ವರ್ಷದಾಗ ಒಮ್ಮೆ ಜಾರಿದ್ದಿಲ್ಲ.

ಈ ಸಲ ನಲವತ್ತು ಗೌರವ್ವಗಳು
ನಮ್ಮ ಪಡಸಾಲಿಯಾಗ ಕುರುಡಾಗಿ ಸಾಲಿಗೆ ನಿಂತಿದ್ದವು.
ಅಣ್ಣ ಭಾಗ್ಯನಗರದಾಗ, ಮಗಳ ಮನ್ಯಾಗಿದ್ದ,
ಕೊಪ್ಪಳದ ಡಾಕ್ಟರಿಗೆ ತೋರಿಸಾಕಂತ.
ರಾತ್ರಿ ಹತ್ತಕ್ಕ ಫೋನು ಟಣ್ ಅಂತು:
‘ಹುಲಿಗಿ, ಕೈ ನಡಗಾಕ ಹತ್ತ್ಯಾವ.
ಇನ್ನ ಕಣ್ಣು ಬರಿಯೂದು ನನ್ನಿಂದ ಆಗೂದಿಲ್ಲ.’

ನನಗ ಅಕ್ಷರ ಬರತಾವ, ಹುಡುಕೂದು ತಡ.
ಅ ಸಿಕ್ಕರ ಣ ಸಿಗೂದಿಲ್ಲ,
ಣ ಸಿಕ್ಕರ ಅದರ ಒತ್ತು ಸಿಗೂದಿಲ್ಲ.
ಕೆಳಗ ಸಣ್ಣ ಸಣ್ಣ ಚಿತ್ರ ಇದ್ದವು,
ಜೋಡಿಸಿದ ಕೈ ಕಂಡವು, ಒತ್ತಿದೆ.
ಒಂದು ಸಾಲದು ಅನಿಸಿ ಮೂರು ಸಲ ಒತ್ತಿದೆ.
ಹಂಗನಬ್ಯಾಡ ಅಣ್ಣಾ, ಕೈ ಮುಗೀತೀನಿ.
ಇಷ್ಟ ಇತ್ತು ಅದರಾಗ.

ಎರಡು ನೀಲಿ ಗೆರಿ ಬಂದ್ವು.
ಮುಂದ ಏನೂ ಬರಲಿಲ್ಲ.
ಮಂಗಳವಾರ ಹೋತು, ಬುಧವಾರ ಹೋತು,
ಅಂಟು ಹಳಸಿ ನಾತ ಹೊಡೀತು.
ಶುಕ್ರವಾರ ಅವನ ಮಗಳು ರತ್ನವ್ವ ಫೋನ್ ಮಾಡಿದ್ಲು:
‘ಅತ್ತಿ, ಅಪ್ಪ ಉಣವಲ್ಲ.
ಹುಲಿಗಿ ನನಗ ದೊಡ್ಡ ನಮಸ್ಕಾರ ಹಾಕಿಬಿಟ್ಲು,
ಅದೂ ಮೂರು ಸಲ, ಅಂತಾನ.’

ಹೌದಲ್ಲ.
ಚೌಕಾಸಿ ಮಾಡಿ ಮಾಡಿ ಕೊಳ್ಳದ ಗಿರಾಕಿಗೆ
ಹೋಗಿ ಬಾರಪ್ಪಾ ಅಂತ ಕೈ ಮುಗೀತೀವಿ.
ಹೆಣದ ಮುಂದ ಮುಗೀತೀವಿ.
ಕೈ ತೋರಿಸಿದಲ್ಲೆ ಬಸ್ ನಿಲ್ಲಿಸಿದ ಡ್ರೈವರಗೂ ಮುಗೀತೀವಿ.
ಕಟಿಗ್ಯಾಗಾದ್ರ ನನಗ ಫರಕು ಗೊತ್ತೈತಿ:
ಗರುಡನ ಕೈ ಎದಿಗೆ ಅಂಟಿರತಾವ.
ತಪ್ಪಾತು ಅನ್ನೂ ಗೊಂಬಿಗೆ
ಮೊಣಕೈ ಪಕ್ಕಡಿಗೆ ಒತ್ತಿ ಕುತ್ತಿಗಿ ಬಗ್ಗಿಸಬೇಕು.
ಸಾಕು ನಡಿ ಅನ್ನಾಕ
ಕೈ ಮ್ಯಾಲೆತ್ತಿ ಹಣಿಗೆ ಬಡೀಬೇಕು.
ಫೋನಿನ್ಯಾಗ ಕೈ ಮಣಿಕಟ್ಟಿಗೇ ಕಡದಾರ.
ಮೊಣಕೈ ಇಲ್ಲ, ಕುತ್ತಿಗಿ ಇಲ್ಲ.
ಯಾರವು ಅವು?

ಇನ್ನೊಂದು ಮಾತು, ಅದು ಬಸ್ಸಿನ್ಯಾಗ ಹೊಳೀತು:
ಕೈ ನಡಗತಾವ ಅಂದಾವಗ
ನಾ ನಡಗದ ಕೈ ಕಳಿಸಿದ್ದೆ,
ಮೂರು ಜೊತಿ.

ಚೀಲದಾಗ ಒಬ್ಬಾಕಿ ಕುರುಡು ಗೌರವ್ವ, ಮಸಿ, ಕುಂಚ.
ಅಣ್ಣ ಹೊರಸಿನ ಮ್ಯಾಲೆ ಗೋಡಿ ಕಡೆ ಮುಖ ಮಾಡಿದ್ದ.
ನಾ ಬೈದೆ. ಏನೇನೋ ಬೈದೆ.
ಅಕ್ಕಪಕ್ಕದ ಮಗ್ಗ ನಿಂತು
ಮಂದಿ ಬಾಗಿಲಾಗ ಬಂದು ನೋಡಿದ್ರು.
ಅವನು ಹೊಳ್ಳಿ, ‘ಇದನ್ನ ಬರೀಬಾರದಿತ್ತೇನು?’ ಅಂದ.
‘ಬೈಗುಳದಾಗ ಒತ್ತಕ್ಷರ ಭಾಳ, ಅಣ್ಣಾ.’

ಎಡಗಣ್ಣು ಅವನು ಬರದ. ಗೆರಿ ನಡಗಿತು.
ಕುಂಚ ನನ್ನ ಕಡೆ ಚಾಚಿದ.
ಬಲಗಣ್ಣು ನಾ ಬರದೆ.
ನನಗೇನು ರೋಗಿಲ್ಲ, ಆದರೂ ನಡಗಿತು.
ಈಗ ಅಕಿ ಒಂದು ಕಡಿಂದ ನಕ್ಕಂಗ,
ಇನ್ನೊಂದು ಕಡಿಂದ ಒಲಿ ಮ್ಯಾಲೆ ಹಾಲಿಟ್ಟಿದ್ದು ನೆನಪಾದಂಗ
ಕಾಣತಾಳ.

ರತ್ನವ್ವ ಫೋಟೋ ತಗದು ಮನಿ ಮಂದಿ ಗ್ರೂಪಿಗೆ ಹಾಕಿದ್ಲು.
ಯಾರೋ ಒಂದು ಹಳದಿ ಮುಖ ಕಳಿಸಿದ್ರು.
ನಗತೈತೋ ಅಳತೈತೋ, ನೋಡು, ಅಂದ ಅಣ್ಣ.
ಕನ್ನಡಕ ಕಿನ್ನಾಳದಾಗ ಬಿಟ್ಟು ಬಂದೀನಿ, ಅಂದೆ.